‘ಆಗುತ್ತೆ’ ಎನ್ನುವ ಮೊದಲು: ಹೊರದೇಶದ ಕ್ಲೈಂಟ್ ಜೊತೆ ಮಾತು, ಮೇಲ್, ಮೀಟಿಂಗ್

ಬೆಂಗಳೂರಿನಲ್ಲಿ ಕುಳಿತು ಅಮೆರಿಕ, ಇಂಗ್ಲೆಂಡಿನ ಕ್ಲೈಂಟ್‌ಗಳಿಗೆ ಸಾಫ್ಟ್‌ವೇರ್ ಕೆಲಸ ಮಾಡಿಕೊಡುವ ತಂಡಗಳನ್ನು ನಡೆಸುವುದು ನನ್ನ ಕಸುಬು. ಇಂಥ ತಂಡಗಳಲ್ಲಿ ಗಲಾಟೆ ಆಗುವುದು ಹೆಚ್ಚಾಗಿ ಕೋಡ್ ಕೆಟ್ಟಿದ್ದಕ್ಕಲ್ಲ, ‘ಆಗುತ್ತೆ’ ಎಂದು ಹೇಳಿ ಆಗದೇ ಹೋದದ್ದಕ್ಕೆ.

‘ಶುಕ್ರವಾರಕ್ಕೆ ಆಗುತ್ತಾ?’ ಎಂದು ಯಾರಾದರೂ ದೊಡ್ಡವರು ಕೇಳಿದರೆ ನಮ್ಮ ಹುಡುಗ ಹುಡುಗಿಯರ ಬಾಯಿಗೆ ಮೊದಲು ಬರುವುದು ‘ಆಗುತ್ತೆ ಸಾರ್’. ಅದರಲ್ಲಿ ಸುಳ್ಳೇನೂ ಇಲ್ಲ. ‘ಕೈಲಾದಷ್ಟು ಮಾಡ್ತೀನಿ, ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನೋದು ಹೇಗೆ’ ಎಂಬುದೇ ಅದರ ಒಳಗಿನ ಮಾತು. ಇಲ್ಲಿನ ಮ್ಯಾನೇಜರ್‌ಗೆ ಆ ದನಿಯ ಎಳೆತದಲ್ಲೇ ಅನುಮಾನ ಗೊತ್ತಾಗುತ್ತದೆ. ಕ್ಲೈಂಟ್‌ಗೆ ಗೊತ್ತಾಗುವುದಿಲ್ಲ. ಆತ ಶುಕ್ರವಾರ ಎಂದು ಬರೆದುಕೊಂಡು, ತನ್ನ ಮೇಲಿನವರಿಗೂ ಹೇಳಿ, ಟೆಸ್ಟಿಂಗ್ ತಂಡವನ್ನು ಸೋಮವಾರಕ್ಕೆ ಕಾಯ್ದಿರಿಸಿಬಿಟ್ಟಿರುತ್ತಾನೆ.

ಆದ್ದರಿಂದ ‘ಆಗುತ್ತಾ’ ಎಂದು ಕೇಳುವುದನ್ನೇ ಬಿಟ್ಟೆ. ಅದರ ಬದಲು ಕೇಳುವುದು ಇಷ್ಟು: ಇನ್ನೂ ಏನೇನು ಉಳಿದಿದೆ? ಅದರಲ್ಲಿ ಯಾವುದು ಬೇರೆಯವರ ಕೈಯಲ್ಲಿದೆ? ನಾಳೆ ಸಂಜೆ ಏನನ್ನು ಓಡಿಸಿ ತೋರಿಸಬಹುದು? ಇವಕ್ಕೆ ತಲೆಯಾಡಿಸಿ ಉತ್ತರ ಕೊಡಲು ಬರುವುದಿಲ್ಲ. ಕ್ಲೈಂಟ್ ನೇರವಾಗಿ ‘ಆಗುತ್ತಾ’ ಎಂದೇ ಕೇಳಿದರೆ ಉತ್ತರದಲ್ಲಿ ದಿನಾಂಕವೂ ಇರಬೇಕು, ಷರತ್ತೂ ಇರಬೇಕು: ‘ಟೆಸ್ಟ್ ಡೇಟಾ ಬುಧವಾರ ಬಂದರೆ ಶುಕ್ರವಾರ ಕೊಡುತ್ತೇವೆ. ಗುರುವಾರ ಬಂದರೆ ಸೋಮವಾರ.’ ಸ್ಥಳದಲ್ಲೇ ಲೆಕ್ಕ ಸಿಗದಿದ್ದರೆ ‘ಇವತ್ತು ನಿಮ್ಮ ಮಧ್ಯಾಹ್ನದೊಳಗೆ ದಿನಾಂಕ ತಿಳಿಸುತ್ತೇನೆ’ ಎಂದರೆ ಯಾರೂ ಬೇಜಾರಾಗುವುದಿಲ್ಲ. ಆದರೆ ಆ ಮಧ್ಯಾಹ್ನ ತಪ್ಪಬಾರದು.

ತಡವಾಗುವ ಸುದ್ದಿಯನ್ನು ಯಾವಾಗ ಹೇಳಬೇಕು? ಐದು ದಿನದ ಕೆಲಸವಾದರೆ ಎರಡನೇ ದಿನ ಸಂಜೆ ಒಮ್ಮೆ ಅಳೆಯುತ್ತೇನೆ. ಆ ಹೊತ್ತಿಗೆ ಮೂರನೇ ಒಂದು ಭಾಗವೂ ಮುಗಿದಿರದಿದ್ದರೆ ಅವತ್ತೇ ಮೇಲ್ ಹೋಗುತ್ತದೆ. ‘ಇನ್ನೆರಡು ರಾತ್ರಿ ಕುಳಿತು ಮುಗಿಸಿಬಿಡೋಣ’ ಎಂಬ ಹುಮ್ಮಸ್ಸು ತಂಡದಲ್ಲಿ ಸಹಜ, ಕೆಲವೊಮ್ಮೆ ಮುಗಿಯುವುದೂ ಉಂಟು. ಮುಗಿಯದ ಸಲ ಮಾತ್ರ ಗುರುವಾರ ರಾತ್ರಿ ಸುದ್ದಿ ಹೋಗುತ್ತದೆ. ಆಗ ಕ್ಲೈಂಟ್ ತನ್ನ ಪ್ಲಾನ್ ಬದಲಿಸುವ ದಾರಿಯೇ ಉಳಿದಿರುವುದಿಲ್ಲ. ಎರಡು ದಿನ ತಡವಾದದ್ದನ್ನು ಅವರು ಮರೆಯುತ್ತಾರೆ, ಕೊನೆಯ ಗಳಿಗೆಯಲ್ಲಿ ಹೇಳಿದ್ದನ್ನು ಮರೆಯುವುದಿಲ್ಲ.

ಆ ಮೇಲ್‌ನ ಮಾದರಿ ಇದು. ಇಂಗ್ಲಿಷಿನಲ್ಲಿ ಬರೆಯುವಾಗಲೂ ಕ್ರಮ ಇದೇ:

‘ಇನ್‌ವಾಯ್ಸ್ ರಿಪೋರ್ಟ್ 13 ಮಾರ್ಚ್ ಶುಕ್ರವಾರದ ಬದಲು 17 ಮಾರ್ಚ್ ಮಂಗಳವಾರ ನಿಮ್ಮ ಕೈಸೇರುತ್ತದೆ. ಹಳೆಯ ದಾಖಲೆಗಳಲ್ಲಿ ತೆರಿಗೆಯ ಕಾಲಂ ಖಾಲಿ ಇರುವುದು ನಿನ್ನೆ ಗೊತ್ತಾಯಿತು, ಅದನ್ನು ತುಂಬುವ ಕೆಲಸ ನಡೆದಿದೆ. ಉಳಿದ ಎರಡು ರಿಪೋರ್ಟ್‌ಗಳು ಶುಕ್ರವಾರಕ್ಕೇ ಸಿಗುತ್ತವೆ. ಖಾಲಿ ಇರುವ ಕಡೆ ಸೊನ್ನೆ ಹಾಕಬಹುದೇ ಎಂದು ಗುರುವಾರದೊಳಗೆ ತಿಳಿಸಿ.’

ಮೊದಲ ವಾಕ್ಯದಲ್ಲೇ ಹೊಸ ದಿನಾಂಕ. ಕಾರಣಕ್ಕೆ ಒಂದೇ ವಾಕ್ಯ. ಏನು ತಪ್ಪುವುದಿಲ್ಲ ಎಂಬುದು ಆಮೇಲೆ, ಅವರಿಂದ ಏನು ಬೇಕು ಎಂಬುದು ಕೊನೆಗೆ. ಸಾಮಾನ್ಯವಾಗಿ ನನ್ನ ಮುಂದೆ ಬರುವ ಕರಡು ತಲೆಕೆಳಗಾಗಿರುತ್ತದೆ: ಸರ್ವರ್ ಕೈಕೊಟ್ಟ ಕಥೆ, ಯಾರದೋ ಜ್ವರ, ಮೂರು ಸಲ ಕ್ಷಮೆ, ದಿನಾಂಕ ಮಾತ್ರ ಎಲ್ಲೂ ಇಲ್ಲ. ಕ್ಷಮೆ ಒಂದು ಸಲ ಸಾಕು. ಹೊಸ ದಿನಾಂಕ ಹಾಕುವಾಗ ಜುಗ್ಗತನ ಬೇಡ. ಸೋಮವಾರ ಆಗಬಹುದು ಅನ್ನಿಸಿದರೆ ಮಂಗಳವಾರ ಬರೆಯಿರಿ, ಏಕೆಂದರೆ ಎರಡನೇ ಸಲ ತಪ್ಪಿದ ದಿನಾಂಕಕ್ಕೆ ಯಾವ ಕಾರಣವೂ ನಡೆಯುವುದಿಲ್ಲ.

ದಿನಾಂಕದ ಜೊತೆ ಗಡಿಯಾರದ ತಾಪತ್ರಯವೂ ಇದೆ. ‘ಶುಕ್ರವಾರ ದಿನದ ಕೊನೆಗೆ’ ಎಂಬುದು ಯಾರ ಶುಕ್ರವಾರ? ನ್ಯೂಯಾರ್ಕಿನ ಸಂಜೆ 5 ಗಂಟೆ ಅಂದರೆ ಬೇಸಿಗೆಯಲ್ಲಿ ನಮಗೆ ಶನಿವಾರ ಬೆಳಗಿನ ಜಾವ 2:30, ಚಳಿಗಾಲದಲ್ಲಿ 3:30. ಹಾಗಾಗಿ ಗಂಟೆ ಬರೆದಲ್ಲೆಲ್ಲ ಇಬ್ಬರ ಸಮಯವನ್ನೂ ಬರೆಯಿರಿ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ಬರುತ್ತದೆ. ಇಂಗ್ಲೆಂಡಿನಲ್ಲಿ ಅದು ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ನ್ಯೂಯಾರ್ಕಿನ ಬೆಳಗಿನ 9 ಗಂಟೆಯ ಕಾಲ್ ಬೇಸಿಗೆಯಲ್ಲಿ ಇಲ್ಲಿ ಸಂಜೆ 6:30ಕ್ಕಿದ್ದದ್ದು ಚಳಿಗಾಲದಲ್ಲಿ 7:30ಕ್ಕೆ ಜಾರುತ್ತದೆ. ಜೊತೆಗೆ ಕಂಪನಿ ಕ್ಯಾಬ್ ಬುಕಿಂಗ್ ಕೂಡ ಎಡವಟ್ಟಾಗುತ್ತದೆ, ಮನೆಗೆ ಹೋಗುವ ಹುಡುಗಿಯರಿಗೆ ಇದು ಸಣ್ಣ ವಿಷಯವಲ್ಲ. ಮೂರೂ ಊರಿನವರು ಸೇರುವ ಕಾಲ್ ಆದರೆ ಮಾರ್ಚಿನ ನಡುವಿನ ಎರಡು ಮೂರು ವಾರ ಯಾರಾದರೊಬ್ಬರು ತಪ್ಪು ಹೊತ್ತಿಗೆ ಬಂದು ಕೂರುತ್ತಾರೆ. ಕ್ಯಾಲೆಂಡರ್ ಇನ್ವೈಟನ್ನು ಕ್ಲೈಂಟ್ ಕಡೆಯಿಂದಲೇ ಕಳಿಸಲು ಹೇಳಿ. ಆಗ ಸಮಯ ಅವರ ಗಡಿಯಾರಕ್ಕೆ ಅಂಟಿಕೊಂಡಿರುತ್ತದೆ.

05/04 ಎಂದು ಎಂದೂ ಬರೆಯಬೇಡಿ. ನಮಗದು ಏಪ್ರಿಲ್ 5, ಅಮೆರಿಕದವರಿಗೆ ಮೇ 4. ತಿಂಗಳನ್ನು ಅಕ್ಷರದಲ್ಲಿ ಬರೆದರೆ ಜಗಳವೇ ಇಲ್ಲ. ಲಕ್ಷ, ಕೋಟಿಯೂ ಹಾಗೆಯೇ, ಹತ್ತು ಲಕ್ಷವನ್ನು ಒಂದು ಮಿಲಿಯನ್ ಎಂದು ಬರೆಯಬೇಕು.

ರಜೆಯ ಪಟ್ಟಿಯನ್ನು ಜನವರಿಯಲ್ಲೇ ಕಳಿಸುತ್ತೇನೆ, ಪ್ರತಿ ರಜೆಗೂ ಎರಡು ವಾರ ಮೊದಲು ಮತ್ತೊಮ್ಮೆ ನೆನಪಿಸುತ್ತೇನೆ. ಕ್ಲೈಂಟ್‌ಗೆ ‘ಇಂಡಿಯಾ ಹಾಲಿಡೇ’ ಎಂದರೆ ದೀಪಾವಳಿ ಒಂದೇ. ನವೆಂಬರ್ 1 ಇಲ್ಲಿ ರಜೆ, ಅದೇ ಪ್ರಾಜೆಕ್ಟಿನ ಪುಣೆ ತಂಡಕ್ಕೆ ಕೆಲಸದ ದಿನ ಎಂಬುದು ಅವರಿಗೆ ಹೊಳೆಯುವುದಿಲ್ಲ. ಪಟ್ಟಿಯಲ್ಲಿ ಊರಿನ ಹೆಸರಿಗೂ ಒಂದು ಕಾಲಂ ಇರಲಿ.

ಮೇಲ್‌ನ ಸಬ್ಜೆಕ್ಟ್ ಬರೆಯಲು ಬಾರದವರಿಗೆ ನಮ್ಮ ಸರ್ಕಾರಿ ಪತ್ರದ ಮಾದರಿ ತೋರಿಸುತ್ತೇನೆ. ‘ವಿಷಯ’, ‘ಉಲ್ಲೇಖ’ ಎಂಬ ಆ ಎರಡು ಸಾಲು ಚಿನ್ನದಂಥವು: ಯಾವುದರ ಬಗ್ಗೆ, ಯಾವ ಹಿಂದಿನ ಪತ್ರದ ಮುಂದುವರಿಕೆ ಎಂಬುದು ಕ್ಷಣದಲ್ಲಿ ತಿಳಿಯುತ್ತದೆ. ಟಿಕೆಟ್ ನಂಬರು (ಆ ಕೆಲಸಕ್ಕೆ ಕೊಟ್ಟ ದಾಖಲೆ ಸಂಖ್ಯೆ), ವಿಷಯ, ಬೇಕಾದ ಕ್ರಮ, ದಿನಾಂಕ ಇವಿಷ್ಟು ಸಬ್ಜೆಕ್ಟ್‌ನಲ್ಲಿ ಇದ್ದರೆ ಮೊಬೈಲಿನಲ್ಲಿ ನೋಡುವವರಿಗೂ ಸಾಕು. ಆದರೆ ಅದೇ ಪತ್ರದ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂಬ ಪೀಠಿಕೆಯನ್ನು ಇಂಗ್ಲಿಷಿಗೆ ಹೊತ್ತೊಯ್ಯಬೇಡಿ. ಕೊನೆಗೆ ‘ಡು ದ ನೀಡ್‌ಫುಲ್’ (ಅಗತ್ಯವಾದದ್ದನ್ನು ಮಾಡಿ) ಬೇಡ, ಏನು ಮಾಡಬೇಕೆಂದು ಹೇಳಿಬಿಡಿ.

ಸಿಸಿ, ಅಂದರೆ ಮೇಲ್‌ನ ಪ್ರತಿಯನ್ನು ಇನ್ನೊಬ್ಬರಿಗೂ ಕಳಿಸುವ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಡಕ್ಕಾಗಿದೆ. ಮಾತುಕತೆಯ ನಡುವೆ ಸದ್ದಿಲ್ಲದೆ ಎದುರಿನವರ ಮ್ಯಾನೇಜರನ್ನು ಸೇರಿಸುವುದು ನಮ್ಮಲ್ಲಿ ‘ಸೇಫ್ಟಿಗೆ’ ಮಾಡುವ ಕೆಲಸ. ಎದುರಿನವರಿಗೆ ಅದು ಚಾಡಿ. ಉತ್ತರ ಬರದಿದ್ದರೆ ನಾನು ಮಾಡುವುದು ಹೀಗೆ. ಒಂದು ಕೆಲಸದ ದಿನ ಕಾದು, ಅದೇ ಮೇಲ್ ಮೇಲೆ ಒಂದು ಸಾಲಿನ ನೆನಪೋಲೆ. ಇನ್ನೊಂದು ದಿನ ಬಿಟ್ಟು ಚಾಟ್ ಅಥವಾ ಫೋನ್, ಹೆಚ್ಚಿನವು ಇಲ್ಲೇ ಇತ್ಯರ್ಥವಾಗುತ್ತವೆ, ಎಷ್ಟೋ ಸಲ ಆ ವ್ಯಕ್ತಿ ರಜೆಯಲ್ಲಿರುತ್ತಾರೆ ಅಷ್ಟೆ. ಅದಾದ ಮೇಲೂ ಆಗದಿದ್ದರೆ ಎಸ್ಕಲೇಷನ್, ಅಂದರೆ ವಿಷಯವನ್ನು ಮೇಲಿನವರ ಮುಂದಿಡುವುದು, ಅದನ್ನು ಮೊದಲೇ ಹೇಳಿಯೇ ಮಾಡಬೇಕು: ‘ಗುರುವಾರದೊಳಗೆ ಅನುಮತಿ ಸಿಗದಿದ್ದರೆ ರಿಲೀಸ್ ಮುಂದೆ ಹೋಗುತ್ತದೆ, ಹಾಗಾಗಿ ಇಬ್ಬರ ಮ್ಯಾನೇಜರ್‌ಗಳನ್ನೂ ಸೇರಿಸುತ್ತಿದ್ದೇನೆ.’ ಇಬ್ಬರದೂ ಎಂಬುದು ಮುಖ್ಯ. ಅವರ ಮ್ಯಾನೇಜರ್ ಮಾತ್ರ ಬಂದರೆ ಅದು ದೂರು. ಇಬ್ಬರೂ ಬಂದರೆ ನಾವೂ ಜವಾಬು ಕೊಡಲು ಸಿದ್ಧ ಎಂದಾಗುತ್ತದೆ.

ಮೀಟಿಂಗ್‌ಗಳಲ್ಲಿ ದೊಡ್ಡ ತೊಡಕು ಮೌನ. ಮ್ಯಾನೇಜರ್ ಮೊದಲು ಅಭಿಪ್ರಾಯ ಹೇಳಿಬಿಟ್ಟರೆ ಕಿರಿಯರು ಬಾಯಿ ತೆರೆಯುವುದಿಲ್ಲ. ‘ಎಲ್ಲರಿಗೂ ಓಕೆನಾ?’ ಎಂದರೆ ಯಾರೂ ಇಲ್ಲ ಎನ್ನುವುದಿಲ್ಲ, ಕಾಲ್ ಮುಗಿದ ಮೇಲೆ ಕಾಫಿ ಮಷೀನ್ ಹತ್ತಿರ ನಿಜ ಹೊರಬೀಳುತ್ತದೆ. ಅದಕ್ಕೇ ಎಲ್ಲರಿಗಿಂತ ಕಿರಿಯರಿಂದ ಶುರು ಮಾಡಿ ಹೆಸರು ಹಿಡಿದು ಕೇಳುತ್ತೇನೆ, ನನ್ನ ಮಾತು ಕೊನೆಗೆ. ಕೇಳುವುದೂ ‘ಸರಿಯಾ’ ಎಂದಲ್ಲ, ‘ಇದರಲ್ಲಿ ಮೊದಲು ಮುರಿಯೋದು ಯಾವುದು?’ ಎಂದು.

ತಂಡದಲ್ಲಿ ಕನ್ನಡ ಬಾರದ ಒಬ್ಬರಿದ್ದರೂ ಕೆಲಸದ ನಿರ್ಧಾರ ಅವರಿಗೆ ತಿಳಿಯುವ ಭಾಷೆಯಲ್ಲೇ ಆಗಬೇಕು. ಊಟದ ಮೇಜಿನಲ್ಲಿ ಯಾವ ಭಾಷೆಯಾದರೂ ಆಗಲಿ. ಕ್ಲೈಂಟ್ ಕಾಲ್‌ನಲ್ಲಿ ಎರಡು ನಿಮಿಷ ಕನ್ನಡದಲ್ಲಿ ಚರ್ಚಿಸಬೇಕಾದರೆ ಹಾಗೆಂದು ಹೇಳಿ, ಮ್ಯೂಟ್ ಮಾಡಿ, ಮರಳಿ ಬಂದು ಏನು ತೀರ್ಮಾನವಾಯಿತೆಂದು ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಮ್ಯೂಟ್ ಮಾಡದೆ ಗುಸುಗುಸು ಎನ್ನುವುದೇ ಅನುಮಾನಕ್ಕೆ ದಾರಿ. ‘ಸಾರ್’, ‘ಮೇಡಂ’ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ಹೆಸರು ಹಿಡಿದು ಕರೆದರೆ ಒರಟುತನ, ವೈಟ್‌ಫೀಲ್ಡಿನ ಕಂಪನಿಯಲ್ಲಿ ಅದೇ ರೂಢಿ. ಎದುರಿನವರು ಮೇಲ್‌ನ ಕೆಳಗೆ ಹೇಗೆ ಸಹಿ ಮಾಡುತ್ತಾರೋ ಹಾಗೆ ಕರೆಯಿರಿ.

ಇನ್ನು ಚಾಟ್‌ನಲ್ಲಿ ಬರೀ ‘ಹಾಯ್’ ಹಾಕಿ ಕಾಯುವ ಅಭ್ಯಾಸ. ಇಲ್ಲಿ ಬೆಳಿಗ್ಗೆ 11ಕ್ಕೆ ‘ಹಾಯ್’ ಕಳಿಸಿದರೆ ನ್ಯೂಯಾರ್ಕಿನಲ್ಲಿ ನಡುರಾತ್ರಿ ಕಳೆದಿರುತ್ತದೆ. ಅವರು ಎದ್ದು ‘ಹಾಯ್’ ಎನ್ನುವಾಗ ನಮಗೆ ಸಂಜೆ, ಪ್ರಶ್ನೆ ಹೋಗುವ ಹೊತ್ತಿಗೆ ಅವರು ಮೀಟಿಂಗ್‌ನಲ್ಲಿ, ಉತ್ತರ ಮರುದಿನ. ನಮಸ್ಕಾರ, ಪ್ರಶ್ನೆ, ಎರರ್‌ನ ಸಾಲು, ಈಗಾಗಲೇ ಏನು ಮಾಡಿ ನೋಡಿದಿರಿ, ಯಾವಾಗ ಉತ್ತರ ಬೇಕು, ಇಷ್ಟನ್ನೂ ಒಂದೇ ಸಂದೇಶದಲ್ಲಿ ಹಾಕಿದರೆ ಅವರು ಕಾಫಿ ಹಿಡಿದು ಕೂರುವಾಗಲೇ ಉತ್ತರ ಬರೆದುಬಿಡುತ್ತಾರೆ.