ಆ್ಯನ್ ಆರ್ಬರ್ ಫುಟ್‌ಬಾಲ್: ಮಧ್ಯಾಹ್ನದ ಆಟವೋ, ರಾತ್ರಿಯದೋ?

ಅಮೆರಿಕದ ಆ್ಯನ್ ಆರ್ಬರ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಆಟಕ್ಕೆ ಟಿಕೆಟ್ ಕೊಳ್ಳುವಾಗ ಎಲ್ಲರೂ ಕೇಳುವುದು "ಎಷ್ಟು ಗಂಟೆಗೆ?" ಅಂತ. ನಾನು ಮೊದಲು ನೋಡುವುದು ತಿಂಗಳನ್ನು, ಆಮೇಲೆ ಸೀಟು ಯಾವ ದಿಕ್ಕಿಗಿದೆ ಎನ್ನುವುದನ್ನು. ಗಂಟೆಯ ಮಾತು ಕೊನೆಗೆ. ರಾತ್ರಿ ಏಳೂವರೆಯ ಆಟ ಸೆಪ್ಟೆಂಬರಿನಲ್ಲಿ ಹಬ್ಬ. ಅದೇ ನವೆಂಬರಿನಲ್ಲಾದರೆ ಚಿಕ್ಕ ಮಕ್ಕಳನ್ನು ಕರೆದೊಯ್ಯಲೇಬಾರದು.

ಸಾಮಾನ್ಯವಾಗಿ ಹೊತ್ತು ಮೂರು: ಮಧ್ಯಾಹ್ನ 12, ಮೂರೂವರೆ, ರಾತ್ರಿ ಏಳೂವರೆ. 2023ರಿಂದ ಬಿಗ್ ಟೆನ್ (ಮಿಷಿಗನ್ ಆಡುವ ವಿಶ್ವವಿದ್ಯಾಲಯಗಳ ಕೂಟ) ಪಂದ್ಯಗಳಲ್ಲಿ ಟಿವಿ ವಾಹಿನಿಗಳ ನಡುವೆ ಫಾಕ್ಸ್‌ಗೆ ಮಧ್ಯಾಹ್ನ, ಸಿಬಿಎಸ್‌ಗೆ ಮೂರೂವರೆ, ಎನ್‌ಬಿಸಿಗೆ ರಾತ್ರಿ ಎಂಬ ಹಂಚಿಕೆ ನಡೆದು ಬಂದಿದೆ. ಕೆಲವು ಪಂದ್ಯಗಳ ವೇಳೆ ಬೇಸಿಗೆಗೆ ಮೊದಲೇ ತಿಳಿಯುತ್ತದೆ. ಉಳಿದವು ಗೊತ್ತಾಗುವುದು 12 ದಿನ ಮುಂಚೆ, ಕೆಲವು 6 ದಿನ ಮುಂಚೆ. ಬೇರೆ ಊರಿಂದ ನೆಂಟರು ಬರುವುದಿದ್ದರೆ ಶನಿವಾರ ರಾತ್ರಿಯ ವಿಮಾನ ಬುಕ್ ಮಾಡಿಸಬೇಡಿ, ಭಾನುವಾರದ್ದೇ ಇರಲಿ.

ಈಗ ಬಿಸಿಲಿನ ಲೆಕ್ಕ. ಆ್ಯನ್ ಆರ್ಬರ್ ತನ್ನ ಕಾಲವಲಯದ ಪಡುವಣ ಅಂಚಿನಲ್ಲಿದೆ. ಅದರ ಮೇಲೆ ಇಲ್ಲಿ ಬೇಸಿಗೆಗೆಂದು ಒಂದು ಗಂಟೆ ಮುಂದಿಟ್ಟ ಗಡಿಯಾರ ನವೆಂಬರಿನವರೆಗೂ ಹಾಗೇ ಇರುತ್ತದೆ. ಆದ್ದರಿಂದ ಸೆಪ್ಟೆಂಬರಿನಲ್ಲಿ ಸೂರ್ಯ ನೆತ್ತಿಗೆ ಬರುವುದು 12ಕ್ಕಲ್ಲ, ಸುಮಾರು ಒಂದೂವರೆಗೆ. 12ರ ಆಟಕ್ಕೆ ಅದು ಸರಿಯಾಗಿ ಹಾಫ್‌ಟೈಮ್ ಹೊತ್ತು. ನೆರಳೆಂಬುದು ಎಲ್ಲೂ ಇರುವುದಿಲ್ಲ. ಬೆಂಚು ಅಲ್ಯುಮಿನಿಯಂನದು, ಎದ್ದು ನಿಂತು ಕೂಗಿ ಐದು ನಿಮಿಷದ ಮೇಲೆ ಚಡ್ಡಿಯಲ್ಲಿ ಕುಳಿತರೆ ತೊಡೆ ಚುರ್ ಎನ್ನುತ್ತದೆ. ಅರ್ಧ ಅಂಗುಲದ ಫೋಮ್ ತುಂಡು ಸಾಕು, ನವೆಂಬರಿನ ಚಳಿಗೂ ಅದೇ ಬೇಕಾಗುತ್ತದೆ.

ಮೂರೂವರೆಯ ಆಟದಲ್ಲಿ ಸೀಟಿನ ದಿಕ್ಕೇ ಎಲ್ಲ. ಮೈದಾನ ಉತ್ತರ-ದಕ್ಷಿಣವಾಗಿದೆ. ಪಶ್ಚಿಮದ ಕಡೆ ಕುಳಿತವರಿಗೆ ಸೂರ್ಯ ಬೆನ್ನಿಗೆ, ನೆರಳೂ ಬೇಗ. ಪೂರ್ವದ ಕಡೆಯವರಿಗೆ ಐದು ಗಂಟೆಯಿಂದ ಬಿಸಿಲು ನೇರ ಕಣ್ಣಿಗೆ, ಎತ್ತರಕ್ಕೆ ಎಸೆದ ಚೆಂಡು ಕಾಣಿಸುವುದೇ ಇಲ್ಲ. ಟೋಪಿ ಸಾಲದು, ಕಪ್ಪು ಕನ್ನಡಕ ಬೇಕು. ನವೆಂಬರಿನ ಮೊದಲ ಭಾನುವಾರ ಗಡಿಯಾರ ಹಿಂದಕ್ಕೆ ಹೋದ ಮೇಲೆ ಐದೂಕಾಲರ ಸುಮಾರಿಗೆ ಸೂರ್ಯಾಸ್ತ. ಆಗ ಮೂರೂವರೆಯ ಆಟದಲ್ಲಿ ಅರ್ಧ ಭಾಗ ಕತ್ತಲಲ್ಲೇ. ಶುರುವಿನ ಬಿಸಿಲು ನೋಡಿ ಬಟ್ಟೆ ಹಾಕಿಕೊಳ್ಳುವುದೇ ಎಲ್ಲರೂ ಮಾಡುವ ತಪ್ಪು. ಏಳು ಗಂಟೆಯ ಚಳಿಗೆ ಸಿದ್ಧರಾಗಿ ಹೋಗಿ, ಬೇಡವಾದದ್ದನ್ನು ಬಿಚ್ಚಿಟ್ಟುಕೊಳ್ಳಿ. ದೊಡ್ಡ ಚೀಲ ಒಳಗೆ ಬಿಡುವುದಿಲ್ಲವಾದ್ದರಿಂದ ಹೆಚ್ಚಿನದೆಲ್ಲ ಮೈಮೇಲೆ ಅಥವಾ ಜೇಬಿನಲ್ಲೇ ಇರಬೇಕು. ಕಾಲಡಿಯ ಕಾಂಕ್ರೀಟು ಮೊದಲು ಕಚ್ಚುವುದು ಬೆರಳುಗಳನ್ನು. ಹಾಗಾಗಿ ದಪ್ಪ ಜಾಕೆಟ್‌ಗಿಂತ ಎರಡು ಜೊತೆ ಕಾಲುಚೀಲ ಹೆಚ್ಚು ಉಪಯೋಗ, ಬೂಟು ಬಿಗಿಯಾಗಬಾರದು ಅಷ್ಟೆ.

ಈ ಮೈದಾನ 1927ರದು, ಆದರೆ ಕಾಯಂ ದೀಪ ಬಂದದ್ದು 2010ರಲ್ಲಿ. ಮೊದಲ ರಾತ್ರಿ ಆಟ 2011ರ ಸೆಪ್ಟೆಂಬರ್ 10ರಂದು, ನೋಟರ್ ಡೇಮ್ ವಿಶ್ವವಿದ್ಯಾಲಯದ ಎದುರು. ಲಕ್ಷಕ್ಕೂ ಮೀರಿದ ಜನ ದೀಪದಡಿ ಒಟ್ಟಿಗೆ ಹಾಡುವುದನ್ನು ಒಮ್ಮೆಯಾದರೂ ಕೇಳಲೇಬೇಕು, ಮಧ್ಯಾಹ್ನದ ಆಟದಲ್ಲಿ ಆ ಕಾವು ಹುಟ್ಟುವುದಿಲ್ಲ. ಆದರೂ ಹಳೆಯ ಎದುರಾಳಿ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಎದುರಿನ ಆಟ ನವೆಂಬರ್ ಕೊನೆಯಲ್ಲಿ 12ಕ್ಕೇ ಇರುವುದು ನನಗೆ ಸರಿ ಅನಿಸುತ್ತದೆ.

ಊಟದ ವಿಷಯಕ್ಕೆ ಬರೋಣ, ಹೆಚ್ಚು ಕೆಡುವುದು ಅಲ್ಲೇ. ಪಾರ್ಕಿಂಗ್ ಜಾಗದಲ್ಲಿ ಕಾರಿನ ಹಿಂದೆ ಒಲೆ ಹಚ್ಚಿ ತಿನ್ನುವುದು ಇಲ್ಲಿ ಆಟದಷ್ಟೇ ಮುಖ್ಯ. 12ರ ಆಟಕ್ಕೆ ಎಂಟಕ್ಕೆ ಜಾಗ ಹಿಡಿಯಬೇಕು. ಅಕ್ಟೋಬರ್ ಕೊನೆಯಲ್ಲಿ ಸೂರ್ಯ ಹುಟ್ಟುವುದೇ ಎಂಟರ ಹತ್ತಿರ, ಹಾಗಾಗಿ ಹಣೆಗೆ ಕಟ್ಟುವ ಟಾರ್ಚ್ ಇರಲಿ. ಇದ್ದಿಲ ಒಲೆ ಬೇಡ: ಹೊತ್ತಿಕೊಳ್ಳಲು ಅರ್ಧ ಗಂಟೆ, ಕೆಂಡ ಆರಲು ಗಂಟೆ ಮೇಲೆ. ಎರಡು ಉರಿಯ ಪ್ರೊಪೇನ್ ಒಲೆಯೇ ಸರಿ. ಒಂದು ಪೌಂಡಿನ ಸಿಲಿಂಡರ್ ಎರಡೂ ಉರಿ ಪೂರ್ತಿ ಬಿಟ್ಟರೆ ಸುಮಾರು ಒಂದು ಗಂಟೆ. ಚಳಿಯಲ್ಲಿ ಸಿಲಿಂಡರ್ ಮೇಲೆ ಹಿಮ ಕೂತು ಉರಿ ಸೊರಗುತ್ತದೆ. ಅದು ಖಾಲಿಯಾದದ್ದಲ್ಲ, ಒತ್ತಡ ಇಳಿದದ್ದು. ಇನ್ನೊಂದನ್ನು ಕಾರಿನೊಳಗೆ ಬೆಚ್ಚಗಿಟ್ಟು ಬದಲಿಸಿ. 12ರ ಆಟಕ್ಕೆ ಉಪ್ಪಿಟ್ಟು, ಫ್ಲಾಸ್ಕಿನಲ್ಲಿ ಕಾಫಿ ಸಾಕು.

ರಾತ್ರಿ ಆಟಕ್ಕೆ ಜನ ಎರಡು ಗಂಟೆಗೇ ಸೇರುತ್ತಾರೆ, ಕುಕ್ಕರಿನ ಮುಚ್ಚಳ ತೆಗೆದು ಚಿತ್ರಾನ್ನ ಏಳರವರೆಗೂ ಹಾಗೇ ಇಡುತ್ತಾರೆ. ಅನ್ನದ ಪದಾರ್ಥ ಎರಡು ಗಂಟೆಗಿಂತ ಹೊರಗಿದ್ದರೆ, 32 ಡಿಗ್ರಿ ದಾಟಿದ ಸೆಕೆಯಲ್ಲಿ ಒಂದು ಗಂಟೆಗಿಂತ ಹೊರಗಿದ್ದರೆ, ಎಸೆಯಬೇಕು. ಹುಳಿ ವಾಸನೆ ಬರದಿದ್ದರೂ ಹೊಟ್ಟೆ ಕೆಡುತ್ತದೆ, ಮತ್ತೆ ಬಿಸಿ ಮಾಡಿದರೂ ವಿಷ ಹೋಗುವುದಿಲ್ಲ. ನಾನು ಎರಡು ಡಬ್ಬಿ ಮಾಡುತ್ತೇನೆ: ಒಂದು ತಲುಪಿದ ಕೂಡಲೇ ತಿನ್ನಲು, ಇನ್ನೊಂದು ಐಸ್ ಪೆಟ್ಟಿಗೆಯಲ್ಲಿ, ಐದೂವರೆಗೆ ಬಿಸಿ ಮಾಡಲು. ಮೊಸರನ್ನವೂ ಐಸ್ ಮೇಲೆಯೇ.

ಊರಲ್ಲಿ ನೋಡುವವರಿಗೆ: 12ರ ಆಟ ಭಾರತದಲ್ಲಿ ಶನಿವಾರ ರಾತ್ರಿ ಒಂಬತ್ತೂವರೆ, ಮೂರೂವರೆಯದು ಭಾನುವಾರ ನಸುಕಿನ ಒಂದು ಗಂಟೆ, ರಾತ್ರಿಯದು ಬೆಳಗಿನ ಐದು. ನವೆಂಬರಿನ ಆ ಭಾನುವಾರದ ನಂತರ ಒಂದೊಂದು ಗಂಟೆ ಸೇರಿಸಿ.

ಆಟ ಸುಮಾರು ಮೂರೂವರೆ ಗಂಟೆ. ರಾತ್ರಿಯದು ಹನ್ನೊಂದಕ್ಕೆ ಮುಗಿದು ಎಲ್ಲರೂ ಒಟ್ಟಿಗೆ ಹೊರಡುವುದರಿಂದ ಹತ್ತಿರದ ಊರು ಕ್ಯಾಂಟನ್‌ಗಿರುವ ಹದಿನೈದು ಮೈಲಿಗೆ ಒಂದು ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಿ. ಮುಗಿದ ಮೇಲೆ ನಲವತ್ತು ನಿಮಿಷ ಕಾರಿನ ಹತ್ತಿರವೇ ಕುಳಿತು, ಉಳಿಸಿಕೊಂಡ ಚಹಾ ಕುಡಿದು ಹೊರಟರೆ ಮನೆ ಸೇರುವುದು ಹೆಚ್ಚುಕಡಿಮೆ ಅದೇ ಹೊತ್ತಿಗೆ, ಬ್ರೇಕ್ ಒತ್ತುವ ಕಾಟ ಮಾತ್ರ ಇರುವುದಿಲ್ಲ.