ಲಿವರ್ ಗಡ್ಡೆಗೆ ‘ಟೇಸ್’ ಆದ ಮೇಲೆ: ಯಾವ ಜ್ವರಕ್ಕೆ ಆಸ್ಪತ್ರೆಗೆ ಓಡಬೇಕು?

ಲಿವರ್ ಕ್ಯಾನ್ಸರ್‌ಗೆ ‘ಟೇಸ್’ (TACE, ಗಡ್ಡೆಗೆ ರಕ್ತ ಒಯ್ಯುವ ನಾಳದಲ್ಲಿ ಔಷಧ ಬಿಟ್ಟು ಅದನ್ನು ಮುಚ್ಚುವ) ಚಿಕಿತ್ಸೆ ಮಾಡಿಸಿಕೊಂಡು ಬಂದವರ ಮನೆಗಳಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಎರಡನೇ ದಿನವೇ ಜ್ವರ ಕಾಣಿಸಿಕೊಂಡರೆ ಇಡೀ ಮನೆ ಗಾಬರಿಯಾಗುತ್ತದೆ. ಆ ಜ್ವರ ಇಳಿದು, ಊಟ ಸೇರತೊಡಗಿ, ಮೂರನೇ ವಾರದಲ್ಲಿ ಮತ್ತೆ ಮೈ ಬಿಸಿಯಾದರೆ ಮಾತ್ರ ‘ಆಗಲೂ ಹೀಗೇ ಬಂದಿತ್ತಲ್ಲ, ತಾನೇ ಹೋಗುತ್ತೆ ಬಿಡಿ’ ಎಂದು ಮಾತ್ರೆ ನುಂಗಿಸಿ ಮಲಗಿಸುತ್ತಾರೆ. ಹೆಚ್ಚು ಹೆದರಬೇಕಾದದ್ದು ಈ ಎರಡನೇ ಜ್ವರಕ್ಕೆ.

ಕಾರಣ ತಿಳಿಯಬೇಕಾದರೆ ಲಿವರ್‌ನ ರಕ್ತ ಪೂರೈಕೆಯನ್ನು ಸ್ವಲ್ಪ ನೋಡಬೇಕು. ಅದಕ್ಕೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ರಕ್ತನಾಳದ ಮೂಲಕ ಬರುತ್ತದೆ, ಉಳಿದದ್ದು ಹೆಪಾಟಿಕ್ ಅಪಧಮನಿಯಿಂದ. ಗಡ್ಡೆ ಮಾತ್ರ ಹೆಚ್ಚುಕಡಿಮೆ ಅಪಧಮನಿಯನ್ನೇ ನೆಚ್ಚಿಕೊಂಡಿರುತ್ತದೆ. 1970ರ ದಶಕದ ಕೊನೆಯಲ್ಲಿ ಜಪಾನಿನ ವೈದ್ಯರು ರೂಢಿಗೆ ತಂದ ಈ ಚಿಕಿತ್ಸೆ ಇದರ ಲಾಭ ಪಡೆಯುತ್ತದೆ. ತೊಡೆಸಂದು ಅಥವಾ ಮಣಿಕಟ್ಟಿನಿಂದ ಸಣ್ಣ ಕ್ಯಾತೆಟರ್ (ತೆಳು ನಳಿಕೆ) ತೂರಿಸಿ, ಗಡ್ಡೆಗೆ ಹೋಗುವ ಕವಲಿನಲ್ಲೇ ಕೀಮೋ ಔಷಧ ಬಿಟ್ಟು, ಆ ಕವಲನ್ನು ಮುಚ್ಚುತ್ತಾರೆ. ರಕ್ತ ನಿಂತು ಗಡ್ಡೆಯ ಜೀವಕೋಶಗಳು ಸಾಯುತ್ತವೆ. ಸತ್ತ ಅಂಗಾಂಶಕ್ಕೆ ದೇಹ ತೋರುವ ಪ್ರತಿಕ್ರಿಯೆಯೇ ಮೊದಲ ಜ್ವರ. ಅದರಲ್ಲಿ ಸಾಮಾನ್ಯವಾಗಿ ಸೋಂಕು ಇರುವುದಿಲ್ಲ.

ಆದರೆ ಲಿವರ್ ಒಳಗಿನ ಪಿತ್ತನಾಳಗಳೂ ಅದೇ ಅಪಧಮನಿಯ ರಕ್ತವನ್ನು ನಂಬಿ ಬದುಕುತ್ತವೆ. ಕವಲು ಮುಚ್ಚಿದಾಗ ಅವಕ್ಕೂ ಪೆಟ್ಟು ಬೀಳಬಹುದು. ಒಂದು ಕಡೆ ಸತ್ತ ಅಂಗಾಂಶ, ಪಕ್ಕದಲ್ಲಿ ಹಾನಿಯಾದ ಪಿತ್ತನಾಳ. ಅಲ್ಲಿಗೆ ಕರುಳಿನ ಬ್ಯಾಕ್ಟೀರಿಯಾ ತಲುಪಿದರೆ ಕೀವು ಕಟ್ಟಿ ಬಾವು ಆಗುತ್ತದೆ. ಇದು ಅಪರೂಪ, ನೂರು ಜನರಲ್ಲಿ ಒಬ್ಬಿಬ್ಬರಿಗಿಂತ ಹೆಚ್ಚಲ್ಲ. ಆದರೆ ಬಂದವರಿಗೆ ಪ್ರಾಣಕ್ಕೇ ಕುತ್ತಾಗಬಲ್ಲದು.

1. ಚಿಕಿತ್ಸೆಗೆ ಮೊದಲೇ ಪಿತ್ತನಾಳದ ಹಳೆಯ ಕಥೆ ಹೇಳಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಪಿತ್ತನಾಳ ಕರುಳಿಗೆ ಸೇರುವ ಬಾಯಿಯಲ್ಲಿ ಸ್ನಾಯುವಿನ ಒಂದು ಸಣ್ಣ ಬಿಗಿತವಿದೆ. ಪಿತ್ತ ಕೆಳಗೆ ಇಳಿಯುತ್ತದೆ, ಕರುಳಿನ ಬ್ಯಾಕ್ಟೀರಿಯಾ ಮೇಲೆ ಹತ್ತುವುದಿಲ್ಲ. ಇಆರ್‌ಸಿಪಿ (ಗಂಟಲಿನ ಮೂಲಕ ಕೊಳವೆ ಇಳಿಸಿ ಪಿತ್ತನಾಳಕ್ಕೆ ಮಾಡುವ ಚಿಕಿತ್ಸೆ) ಮಾಡಿ ನಾಳದ ಆ ಬಾಯನ್ನು ಕತ್ತರಿಸಿದ್ದರೆ, ಸ್ಟೆಂಟ್ ಕೂರಿಸಿದ್ದರೆ, ಮೇದೋಜೀರಕ ಗ್ರಂಥಿಗೆ ವಿಪಲ್ ಆಪರೇಷನ್ ಆಗಿ ಪಿತ್ತನಾಳವನ್ನು ನೇರ ಕರುಳಿಗೆ ಜೋಡಿಸಿದ್ದರೆ ಆ ತಡೆ ಇಲ್ಲವಾಗುತ್ತದೆ. ಅಂಥವರಲ್ಲಿ ಬಾವು ಆಗುವ ಸಾಧ್ಯತೆ ಹಲವು ಪಟ್ಟು ಏರುತ್ತದೆ.

‘ಅದು ಎಂಟು ವರ್ಷದ ಹಿಂದಿನ ಮಾತು, ಕಲ್ಲು ತೆಗೆಸಿದ್ದು ಅಷ್ಟೇ’ ಎಂದು ಬಿಟ್ಟುಬಿಡಬೇಡಿ. ಹಳೆಯ ಡಿಸ್ಚಾರ್ಜ್ ಸಮ್ಮರಿಯನ್ನು ಹುಡುಕಿ ತೆಗೆದುಕೊಂಡು ಹೋಗಿ. ವಿಷಯ ಗೊತ್ತಿದ್ದರೆ ವೈದ್ಯರು ಆಂಟಿಬಯಾಟಿಕ್ ಅನ್ನು ಒಂದು ಡೋಸಿಗೆ ನಿಲ್ಲಿಸದೆ ಮೊದಲೇ ಶುರು ಮಾಡಿ ಮುಂದುವರಿಸಬಹುದು, ಅಥವಾ ಬೇರೆ ಚಿಕಿತ್ಸೆಯನ್ನೇ ಆರಿಸಬಹುದು. ಔಷಧ ಕೊಟ್ಟ ಮಾತ್ರಕ್ಕೆ ಬಾವು ಆಗುವುದೇ ಇಲ್ಲ ಎಂಬ ಖಾತರಿಯಂತೂ ಇಲ್ಲ.

ಸಕ್ಕರೆ ಕಾಯಿಲೆ ಇದ್ದರೆ ಅದನ್ನು ಹತೋಟಿಗೆ ತಂದುಕೊಳ್ಳಿ. ಹೆಪಟೈಟಿಸ್ ಬಿ ಇದ್ದು ಮಾತ್ರೆ ನಡೆಯುತ್ತಿದ್ದರೆ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಟೇಸ್ ನಂತರ ಆ ವೈರಸ್ ಮತ್ತೆ ತಲೆಯೆತ್ತುವುದುಂಟು.

2. ಕ್ಯಾತೆಟರ್ ಹಾಕಿದ ಜಾಗ

ಇಲ್ಲಿ ಸೋಂಕು ಕಡಿಮೆ. ಹೇಳಿದಷ್ಟು ಹೊತ್ತು ಕಾಲು ಮಡಿಸದೆ ಮಲಗಿ, ಬ್ಯಾಂಡೇಜ್ ಒದ್ದೆಯಾಗದಂತೆ ನೋಡಿಕೊಳ್ಳಿ. ಅರಿಶಿನ, ಕಾಫಿಪುಡಿ, ಸೊಪ್ಪಿನ ರಸ ಯಾವುದೂ ಬೇಡ. ಊತ ದೊಡ್ಡದಾಗುತ್ತಿದ್ದರೆ, ಕೀವು ಬಂದರೆ, ಕಾಲು ಅಥವಾ ಕೈ ತಣ್ಣಗಾದರೆ ತೋರಿಸಿ. ಕರಾವಳಿಯವರಿಗೆ ಒಂದು ಮಾತು: ಗಾಯ ಮಾಯುವವರೆಗೆ ಮಳೆಗಾಲದ ಗದ್ದೆ ಕೆಸರಿಗೆ ಇಳಿಯಬೇಡಿ. ಉಡುಪಿ, ಮಂಗಳೂರು ಕಡೆಯ ಮಣ್ಣು ನೀರಿನಿಂದ ಬರುವ ಮೆಲಿಯಾಯ್ಡೋಸಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು ಸಕ್ಕರೆ ಕಾಯಿಲೆಯವರನ್ನೇ ಹೆಚ್ಚು ಹಿಡಿಯುತ್ತದೆ, ಲಿವರ್‌ನಲ್ಲೂ ಬಾವು ಮಾಡುತ್ತದೆ. ಅದಕ್ಕೆ ಕೊಡುವ ಆಂಟಿಬಯಾಟಿಕ್‌ಗಳೂ ಬೇರೆ. ಹಾಗಾಗಿ ಜ್ವರ ಬಂದರೆ ‘ಕೆಸರಿನಲ್ಲಿ ಕೆಲಸ ಮಾಡಿದ್ದೆ’ ಎಂದು ವೈದ್ಯರಿಗೆ ಹೇಳಲೇಬೇಕು.

3. ಮೊದಲ ಹತ್ತು ದಿನ: ನೋಟ್‌ಬುಕ್, ಥರ್ಮಾಮೀಟರ್

ಹಣೆ ಮುಟ್ಟಿ ನೋಡಿ ‘ಸ್ವಲ್ಪ ಬೆಚ್ಚಗಿದೆ’ ಎನ್ನುವುದು ಇಲ್ಲಿ ಸಾಲದು. ಬೆಳಿಗ್ಗೆ, ಸಂಜೆ ಮತ್ತು ಮೈ ಬಿಸಿ ಎನಿಸಿದಾಗಲೆಲ್ಲ ಥರ್ಮಾಮೀಟರ್ ಇಟ್ಟು ಬರೆದುಕೊಳ್ಳಿ. ಅಳೆಯುವುದು ಮಾತ್ರೆ ಕೊಡುವ ಮೊದಲು. ಪ್ಯಾರಸಿಟಮಾಲ್ ಕೊಟ್ಟ ಒಂದು ಗಂಟೆಯ ಮೇಲೆ ಅಳೆದರೆ ಸಿಗುವುದು ಮಾತ್ರೆ ಇಳಿಸಿದ ಉಷ್ಣತೆ. ಆ ಅಂಕಿ ನೋಡಿ ಮೋಸ ಹೋಗುತ್ತೀರಿ.

ಸಿರೋಸಿಸ್ (ಲಿವರ್ ಗಾಯದ ಕಲೆಗಳಿಂದ ಗಟ್ಟಿಯಾಗುವ ಕಾಯಿಲೆ) ಇರುವವರಿಗೆ ಪ್ಯಾರಸಿಟಮಾಲ್ ದಿನಕ್ಕೆ 2 ಗ್ರಾಂ ದಾಟಬಾರದು ಎನ್ನುತ್ತಾರೆ ವೈದ್ಯರು. ಅಂದರೆ 650 ಮಿಲಿಗ್ರಾಂ ಮಾತ್ರೆ ದಿನಕ್ಕೆ ಹೆಚ್ಚೆಂದರೆ ಮೂರು. ಮೆಡಿಕಲ್ ಶಾಪಿನಲ್ಲಿ ‘ಜ್ವರ ನೋವು ಎರಡಕ್ಕೂ’ ಎಂದು ಕೊಡುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಸೇರಿದ ಮಾತ್ರೆಗಳಿಂದ ಮೂತ್ರಪಿಂಡಕ್ಕೆ ಪೆಟ್ಟು, ಹೊಟ್ಟೆಯಲ್ಲಿ ರಕ್ತಸ್ರಾವ ಎರಡೂ ಆಗಬಹುದು. ಅವು ಬೇಡ.

ಈ ದಿನಗಳಲ್ಲಿ ಜ್ವರ, ಬಲ ಪಕ್ಕೆಲುಬಿನ ಕೆಳಗೆ ನೋವು, ವಾಕರಿಕೆ, ಸುಸ್ತು ನಿರೀಕ್ಷಿತ. ಗಮನಿಸಬೇಕಾದದ್ದು ಅವು ಹೋಗುವ ದಿಕ್ಕನ್ನು. ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೆ ಸರಿ. ಮೂರನೇ ದಿನಕ್ಕಿಂತ ಆರನೇ ದಿನ ಜಾಸ್ತಿ ಎಂದು ನೋಟ್‌ಬುಕ್ ಹೇಳಿದರೆ ಫೋನ್ ಮಾಡಿ. ಗಡಗಡ ನಡುಗಿಸುವ ಚಳಿ ಬಂದರೆ ಯಾವ ದಿನವಾದರೂ ಸರಿ, ಕಾಯುವ ಪ್ರಶ್ನೆಯೇ ಇಲ್ಲ.

4. ಎರಡರಿಂದ ನಾಲ್ಕನೇ ವಾರ

ಬಾವು ಸಾಮಾನ್ಯವಾಗಿ ಮೈತೋರುವುದು ಈ ಅವಧಿಯಲ್ಲಿ. ಒಮ್ಮೆ ಬಿಟ್ಟ ಜ್ವರ ಮರಳಿ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅಂದೇ ಆಸ್ಪತ್ರೆಗೆ ಹೊರಡಿ. ಕಣ್ಣು ಹಳದಿಯಾದರೂ ಹಾಗೆಯೇ. ಕಾಮಾಲೆ ಎಂದ ಕೂಡಲೇ ನಾಟಿ ಔಷಧದ ವಿಳಾಸ ಹೇಳುವವರು ನಮ್ಮಲ್ಲಿ ಬೀದಿಗೊಬ್ಬರಿದ್ದಾರೆ. ಟೇಸ್ ಆದವರ ಹಳದಿಗೆ ಆ ದಾರಿ ಹಿಡಿದರೆ ಕಳೆದುಹೋಗುವುದು ಅಮೂಲ್ಯವಾದ ದಿನಗಳು.

ಜ್ವರವೇ ಇಲ್ಲದೆಯೂ ಸೋಂಕು ಇರಬಹುದು. ವಯಸ್ಸಾದವರು, ಸಿರೋಸಿಸ್ ಮುಂದುವರಿದವರು, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಲ್ಲಿ ಮೈ ಬಿಸಿಯಾಗದೆ ಮನಸ್ಸು ಮಂಕಾಗುತ್ತದೆ. ಹಗಲೆಲ್ಲ ನಿದ್ದೆ, ರಾತ್ರಿ ಎಚ್ಚರ, ಮಾತಿನಲ್ಲಿ ತಡವರಿಕೆ. ಇದನ್ನು ಹಿಡಿಯಲು ಸುಲಭದ ಉಪಾಯವೊಂದಿದೆ: ಅದೇ ನೋಟ್‌ಬುಕ್ಕಿನಲ್ಲಿ ರೋಗಿಯಿಂದ ದಿನಾ ಒಂದು ಸಹಿ ಹಾಕಿಸಿ. ನಿನ್ನೆಯವರೆಗೆ ಗೆರೆಯ ಮೇಲೆ ಕೂತಿದ್ದ ಅಕ್ಷರ ಇಂದು ನಡುಗಿ ಕೆಳಗಿಳಿದಿದ್ದರೆ, ಕೊನೆಯ ಅಕ್ಷರವೇ ಬಿಟ್ಟುಹೋಗಿದ್ದರೆ, ಕೈಚಾಚಿ ಬೆರಳು ಬಿಡಿಸಿ ಹಿಡಿಯಲು ಹೇಳಿ. ಮಣಿಕಟ್ಟು ಪಟಪಟನೆ ಕೆಳಗೆ ಬೀಳುತ್ತಿದ್ದರೆ ಲಿವರ್‌ನ ತೊಂದರೆ ಮಿದುಳಿಗೆ ತಟ್ಟಿದೆ ಎಂದರ್ಥ. ಮಲಬದ್ಧತೆಯಿಂದಲೂ ಹೀಗಾಗುತ್ತದೆ, ಆದರೆ ಸೋಂಕು ಇಲ್ಲ ಎಂದು ಖಚಿತಪಡಿಸಬೇಕಾದವರು ವೈದ್ಯರು. ಹೊಟ್ಟೆಯಲ್ಲಿ ನೀರು ತುಂಬಿಕೊಂಡವರಿಗೆ ಆ ನೀರಿಗೇ ಸೋಂಕು ತಗುಲಿ ಹೊಟ್ಟೆನೋವು ಬರುವುದೂ ಇದೆ.

5. ಆಸ್ಪತ್ರೆಯಲ್ಲಿ

ಹತ್ತಿರದ ಕ್ಲಿನಿಕ್ಕಿನಲ್ಲಿ ಎರಡು ದಿನದ ಆಂಟಿಬಯಾಟಿಕ್ ಬರೆಸಿಕೊಂಡು ನೋಡೋಣ ಎನ್ನಬೇಡಿ. ಆಂಟಿಬಯಾಟಿಕ್ ಶುರುವಾಗುವ ಮೊದಲು ರಕ್ತದ ಕಲ್ಚರ್ ತೆಗೆದರೆ ಇ. ಕೋಲಿ, ಕ್ಲೆಬ್ಸಿಯೆಲ್ಲಾದಂಥ ಯಾವ ಬ್ಯಾಕ್ಟೀರಿಯಾ ಎಂದು ತಿಳಿಯುವ ಅವಕಾಶ ಹೆಚ್ಚು. ಆದರೆ ತುರ್ತು ಇದ್ದರೆ ಕಲ್ಚರ್‌ಗಾಗಿ ಕಾಯದೆ ಔಷಧ ಶುರು ಮಾಡುತ್ತಾರೆ. ಸಿಟಿ ಸ್ಕ್ಯಾನ್ ವರದಿಯಲ್ಲಿ ‘ಗಡ್ಡೆಯೊಳಗೆ ಗಾಳಿ ಗುಳ್ಳೆ’ ಎಂದಿದ್ದರೆ ಗಾಬರಿ ಬೇಡ. ಮೊದಲ ದಿನಗಳಲ್ಲಿ ಸೋಂಕಿಲ್ಲದೆಯೂ ಹಾಗೆ ಕಾಣುವುದುಂಟು, ಜ್ವರ ಮತ್ತು ರಕ್ತಪರೀಕ್ಷೆ ಸೇರಿಸಿ ಓದಬೇಕು. ಹಾಗೆ ಓದುವವರು ಟೇಸ್ ಮಾಡಿದ ತಂಡದವರೇ ಆದರೆ ಒಳ್ಳೆಯದು.

ಬಾವು ಖಚಿತವಾದರೆ ಚರ್ಮದ ಮೂಲಕ ತೆಳು ನಳಿಕೆ ಇಟ್ಟು ಕೀವು ತೆಗೆಯುತ್ತಾರೆ, ಆಂಟಿಬಯಾಟಿಕ್ ಕೆಲವು ವಾರ ನಡೆಯುತ್ತದೆ. ನಳಿಕೆಯೊಂದಿಗೇ ಮನೆಗೆ ಕಳಿಸುವುದೂ ಉಂಟು. ಚೀಲವನ್ನು ಸದಾ ಸೊಂಟಕ್ಕಿಂತ ಕೆಳಗಿರಿಸಿ, ದಿನಕ್ಕೆಷ್ಟು ಬಂತು, ಯಾವ ಬಣ್ಣ ಎಂದು ಬರೆಯಿರಿ. ಹರಿವು ಏಕಾಏಕಿ ನಿಂತು ಜ್ವರ ಏರಿದರೆ ನಳಿಕೆ ಕಟ್ಟಿಕೊಂಡಿರಬಹುದು. ಮನೆಯಲ್ಲಿ ತಿರುಚಿ ಎಳೆದು ಸರಿಮಾಡಲು ಹೋಗದೆ ವಾರ್ಡಿಗೆ ಫೋನ್ ಮಾಡಿ. ಟೇಸ್ ಅನ್ನು ಹಲವರಿಗೆ ಒಂದಕ್ಕಿಂತ ಹೆಚ್ಚು ಬಾರಿ ಮಾಡುತ್ತಾರೆ. ಮುಂದಿನ ಸರದಿಗೆ ಬೇರೆ ಆಸ್ಪತ್ರೆಗೆ ಹೋಗುವುದಾದರೆ ಈ ನೋಟ್‌ಬುಕ್ ಮತ್ತು ಕಲ್ಚರ್ ವರದಿಯನ್ನು ಫೈಲಿನ ಮೊದಲ ಪುಟಗಳಲ್ಲೇ ಇಟ್ಟುಕೊಂಡು ಹೋಗಿ.