ಒಳಕಾಡಿನ ಬೇಟೆಗೆ ಹೊತ್ತೊಯ್ಯುವ ತಿನಿಸು: ಆಯ್ಕೆ ಮತ್ತು ಕಟ್ಟುವ ಕ್ರಮ

ವಾಹನ ತಲುಪದ ಬೆಟ್ಟಕಾಡಿಗೆ ಪರವಾನಗಿ ಪಡೆದು, ಡೇರೆ ಮತ್ತು ಸಾಮಾನನ್ನು ಬೆನ್ನ ಮೇಲೆ ಹೊತ್ತು ನಾಲ್ಕೈದು ದಿನ ಬೇಟೆಗೆ ಹೋಗುವವರು ರಾತ್ರಿಯ ಬಿಸಿ ಊಟದ ಬಗ್ಗೆ ಬಹಳ ಯೋಚಿಸುತ್ತಾರೆ. ಹಗಲಿನ ತಿನಿಸಿನ ವಿಚಾರವನ್ನು ಮಾತ್ರ ಹೊರಡುವ ಹಿಂದಿನ ಸಂಜೆ ಕೈಗೆ ಸಿಕ್ಕಿದ್ದನ್ನು ಚೀಲಕ್ಕೆ ತುರುಕಿ ಮುಗಿಸಿಬಿಡುತ್ತಾರೆ. ಜಿಂಕೆಯ ಜಾತಿಯ ಪ್ರಾಣಿಗಳು ಹೆಚ್ಚಾಗಿ ಓಡಾಡುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ; ಆದ್ದರಿಂದ ಒಲೆ ಹಚ್ಚಬೇಕಾದ ಎರಡೂ ಹೊತ್ತಿನಲ್ಲಿ ಬೇಟೆಗಾರ ಡೇರೆಯಿಂದ ದೂರದ ಯಾವುದೋ ಇಳಿಜಾರಿನಲ್ಲಿ ದುರ್ಬೀನು ಹಿಡಿದು ಕುಳಿತಿರುತ್ತಾನೆ. ದಿನದ ಆಹಾರದ ಅರ್ಧಕ್ಕಿಂತ ಹೆಚ್ಚು ಪಾಲು ಜೇಬಿನಿಂದಲೇ ಬರುವುದರಿಂದ ತಿನಿಸನ್ನೇ ಮುಖ್ಯ ಊಟವೆಂದು ಎಣಿಸಿ ಯೋಜಿಸುವುದು ಸರಿಯಾದ ಕ್ರಮ.

ಮೊದಲು ತೂಕದ ಲೆಕ್ಕ. ಭಾರ ಹೊತ್ತು ದಿನವಿಡೀ ಏರಿಳಿಯುವವನಿಗೆ 3,500 ಕ್ಯಾಲರಿಗೂ ಮಿಕ್ಕಿ ಖರ್ಚಾಗಬಹುದು. ಆದರೆ ದಿನವೊಂದಕ್ಕೆ 700ರಿಂದ 900 ಗ್ರಾಂಗಿಂತ ಹೆಚ್ಚು ಆಹಾರ ಹೊರುವುದು ಕಷ್ಟ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲರಿ ಇದ್ದರೆ, ಅಷ್ಟೇ ಸಕ್ಕರೆ, ಪಿಷ್ಟ ಅಥವಾ ಪ್ರೋಟೀನಿನಲ್ಲಿ ಇರುವುದು 4 ಮಾತ್ರ. ನೀರಿನಲ್ಲಿ ಏನೂ ಇಲ್ಲ. ಹಾಗಾಗಿ ತಾಜಾ ಹಣ್ಣು ಮನೆಯಲ್ಲೇ ಉಳಿಯಲಿ, ನೂರು ಗ್ರಾಂಗೆ 450 ಕ್ಯಾಲರಿಗಿಂತ ಹೆಚ್ಚು ಕೊಡುವ ತಿನಿಸುಗಳೇ ಚೀಲದ ಬಹುಪಾಲನ್ನು ತುಂಬಲಿ. ಮ್ಯಾಕಡೇಮಿಯಾ ಬೀಜದಲ್ಲಿ ನೂರು ಗ್ರಾಂಗೆ ಸುಮಾರು 720, ಅಕ್ರೋಟಿನಲ್ಲಿ 650, ಬಾದಾಮಿಯಲ್ಲಿ 580, ಕಡಲೆಕಾಯಿಯಲ್ಲಿ 570 ಕ್ಯಾಲರಿ ಇರುತ್ತದೆ. ಕಡು ಚಾಕೊಲೇಟ್ ಮತ್ತು ಪೀನಟ್ ಬಟರ್ 600ರ ಆಸುಪಾಸಿನಲ್ಲಿವೆ. ಖರ್ಜೂರ ಮತ್ತು ಒಣದ್ರಾಕ್ಷಿ 300ರ ಹತ್ತಿರ ನಿಲ್ಲುತ್ತವೆಯಾದರೂ ಅವುಗಳ ಸಕ್ಕರೆ ರಕ್ತಕ್ಕೆ ಬೇಗ ಸೇರುವುದರಿಂದ, ಕಡಿದಾದ ಏರಿನ ಮುಂಚೆ ತಿನ್ನಲು ಒಂದು ಹಿಡಿ ಇರಬೇಕು.

ಜರ್ಕಿ ಎಂದು ಕರೆಯುವ ಒಣಮಾಂಸವಿಲ್ಲದೆ ಬೇಟೆಗಾರನ ಚೀಲ ಪೂರ್ಣವಾಗದು ಎಂಬ ನಂಬಿಕೆ ವ್ಯಾಪಕವಾಗಿದೆ. ರುಚಿಯ ದೃಷ್ಟಿಯಿಂದ ಅದನ್ನು ನಾನೂ ಒಪ್ಪುತ್ತೇನೆ. ಆದರೆ ಅದರ ಮೇಲೆ ಇಡುವ ಭರವಸೆ ಸ್ವಲ್ಪ ಅತಿಯಾದದ್ದು. ಅದರಲ್ಲಿ ಉಪ್ಪು ಬಹಳ, ಕೊಬ್ಬು ಕಡಿಮೆ. ನೀರಿನ ಸೆಲೆ ದೂರವಿರುವ ಒಣ ಏಣುಗಳ ಮೇಲೆ ಅದು ಹಸಿವನ್ನು ತಣಿಸುವುದಕ್ಕಿಂತ ಹೆಚ್ಚಾಗಿ ಬಾಯಾರಿಕೆಯನ್ನು ಹುಟ್ಟಿಸುತ್ತದೆ. ಉತ್ತರ ಅಮೆರಿಕದ ಮೂಲನಿವಾಸಿಗಳು ಒಣಮಾಂಸವನ್ನು ಪುಡಿಮಾಡಿ, ಕರಗಿಸಿದ ಕೊಬ್ಬು ಮತ್ತು ಕೆಲವೊಮ್ಮೆ ಕಾಡುಹಣ್ಣು ಬೆರೆಸಿ ಪೆಮಿಕನ್ ಮಾಡುತ್ತಿದ್ದರು. ಮುಂದೆ ತುಪ್ಪಳದ ವ್ಯಾಪಾರಿಗಳೂ ದೀರ್ಘ ಪ್ರಯಾಣಗಳಿಗೆ ಅದನ್ನೇ ನೆಚ್ಚಿಕೊಂಡರು. ಬರೀ ಒಣಮಾಂಸದಲ್ಲಿ ಇಲ್ಲದ್ದನ್ನು ಆ ಕೊಬ್ಬು ತುಂಬಿಕೊಡುತ್ತಿತ್ತು. ಇಂದು ಅದೇ ಕೆಲಸವನ್ನು ಜರ್ಕಿಯ ಜೊತೆಗೆ ಒಂದು ಹಿಡಿ ಬೀಜ ಅಥವಾ ಗಟ್ಟಿ ಚೀಸಿನ ತುಂಡು ಮಾಡಬಲ್ಲದು. ಹೊಡೆದ ಪ್ರಾಣಿಯ ಮಾಂಸವನ್ನೇ ತಿಂದು ದಿನ ಕಳೆಯುತ್ತೇವೆ ಎನ್ನುವವರೂ ಚಿಕ್ಕ ಬಾಟಲಿಯಲ್ಲಿ ಎಣ್ಣೆ ಒಯ್ಯುವುದು ಒಳಿತು, ಏಕೆಂದರೆ ಕಾಡುಪ್ರಾಣಿಯ ಮಾಂಸದಲ್ಲಿ ಸಾಮಾನ್ಯವಾಗಿ ಕೊಬ್ಬು ತೀರ ಕಡಿಮೆ.

ಜರ್ಕಿಯನ್ನು ಮನೆಯಲ್ಲಿ ಮಾಡುವುದಾದರೆ, ಬೇಗ ಕಮಟುವ ಕೊಬ್ಬನ್ನೆಲ್ಲ ತೆಗೆದು, ಮಾಂಸವನ್ನು ಸುಮಾರು 5 ಮಿಲಿಮೀಟರ್ ದಪ್ಪದ ಪಟ್ಟಿಗಳಾಗಿ ಕೊಯ್ಯಬೇಕು. ಒಣಗಿಸುವ ಮೊದಲು ಮಾಂಸದ ಒಳಗಿನ ಉಷ್ಣತೆಯನ್ನು 71 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಬೇಕು. ಬಳಿಕ 55ರಿಂದ 60 ಡಿಗ್ರಿಯಲ್ಲಿ ಒಣಗಿಸಬೇಕು. ಮೊದಲ ಹಂತವನ್ನು ಬಿಟ್ಟರೆ ಮಾಂಸ ನೋಡಲು ಚೆನ್ನಾಗಿಯೇ ಒಣಗಿರುತ್ತದೆ, ಆದರೆ ರೋಗಾಣುಗಳು ಉಳಿದುಕೊಳ್ಳುವ ಅಪಾಯವಿದೆ. ಪಟ್ಟಿಯನ್ನು ಬಗ್ಗಿಸಿದಾಗ ಬಿರುಕು ಬಿಡಬೇಕು, ಆದರೆ ಎರಡು ತುಂಡಾಗಬಾರದು.

ಹವೆಗೆ ತಕ್ಕಂತೆ ಆಯ್ಕೆಯೂ ಬದಲಾಗಬೇಕು. ಕ್ಯಾರಮೆಲ್ ಮತ್ತು ಜೇನಿನ ಬಾರ್‌ಗಳು ಕಡುಚಳಿಯಲ್ಲಿ ಹಲ್ಲು ಮುರಿಯುವಷ್ಟು ಗಟ್ಟಿಯಾಗುತ್ತವೆ. ತಿನ್ನುವ ಅರ್ಧ ಗಂಟೆ ಮೊದಲು ಅವನ್ನು ಅಂಗಿಯ ಒಳಜೇಬಿಗೆ ಸೇರಿಸಿಕೊಳ್ಳಬೇಕು. ಬೀಜಗಳಲ್ಲಿ ನೀರಿನಂಶ ಅತ್ಯಲ್ಪವಾದ್ದರಿಂದ ಅವು ಎಂಥ ಚಳಿಯಲ್ಲೂ ತಿನ್ನುವಂತಿರುತ್ತವೆ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಯಲ್ಲಿ ಕರಗುವುದರಿಂದ, ಬಿಸಿಲಿರುವ ಋತುವಿನ ಆರಂಭದಲ್ಲಿ ಬರೀ ಚಾಕೊಲೇಟಿಗಿಂತ ಸಕ್ಕರೆಯ ಗಟ್ಟಿ ಹೊದಿಕೆಯಿರುವ ಚಾಕೊಲೇಟ್ ಗುಳಿಗೆಗಳು ಉತ್ತಮ. ಎತ್ತರದ ಜಾಗಗಳಲ್ಲಿ ಹಸಿವೇ ಸತ್ತಂತಾಗುವುದುಂಟು. ಅಲ್ಲಿ ಲೆಕ್ಕದಲ್ಲಿ ಶ್ರೇಷ್ಠವಾದ ತಿನಿಸಿಗಿಂತ ನಾಲ್ಕನೆಯ ದಿನವೂ ಬಾಯಿಗೆ ಹಿಡಿಸುವ ತಿನಿಸೇ ಮೇಲು. ಉಪ್ಪು, ಸಿಹಿ, ಹುಳಿ ಮೂರೂ ಇರುವಂತೆ ನೋಡಿಕೊಳ್ಳಬೇಕು. ಹುಳಿ ಪೆಪ್ಪರ್‌ಮಿಂಟಿಗೆ ಇನ್ನೊಂದು ಗುಣವೂ ಇದೆ: ಒಣಗಾಳಿಯಲ್ಲಿ ಗಂಟಲು ಕೆರೆದು ಕೆಮ್ಮು ಬರುವುದನ್ನು ಅದು ತಡೆಯುತ್ತದೆ, ಮತ್ತು ಒಂದು ಕೆಮ್ಮು ಗಂಟೆಗಟ್ಟಲೆ ಕಾದದ್ದನ್ನೆಲ್ಲ ಹಾಳುಮಾಡಬಲ್ಲದು.

ಇದೇ ಕಾರಣಕ್ಕೆ ಹೊದಿಕೆಯ ಸದ್ದಿಗೂ ಗಮನ ಕೊಡಬೇಕು. ಬಾರ್‌ಗಳ ಹೊಳೆಯುವ ಕಾಗದ ಚಳಿಯಲ್ಲಿ ಇನ್ನೂ ಜೋರಾಗಿ ಚರಪರ ಎನ್ನುತ್ತದೆ. ಎಲ್ಲವನ್ನೂ ಮನೆಯಲ್ಲೇ ಬಿಚ್ಚಿ, ಮೆತ್ತನೆಯ ಜಿಪ್ ಚೀಲಗಳಿಗೆ ತುಂಬಿ, ದಿನಕ್ಕೊಂದು ಚೀಲದಂತೆ ತೂಗಿ ಇಟ್ಟರೆ ಸದ್ದೂ ಇಲ್ಲ, ಮೊದಲ ಎರಡು ದಿನದಲ್ಲೇ ಒಳ್ಳೆಯದೆಲ್ಲ ಖಾಲಿಯಾಗುವ ಭಯವೂ ಇಲ್ಲ. ಎರಡು ಬಾರ್‌ಗಳನ್ನು ಮಾತ್ರ ಮೂಲ ಹೊದಿಕೆಯಲ್ಲೇ ಬಿಡಬೇಕು. ಪ್ರಾಣಿಯನ್ನು ಕೊಯ್ಯುವಾಗ ಕೈಯೆಲ್ಲ ರಕ್ತವಾಗಿರುತ್ತದೆ, ತೊಳೆಯಲು ನೀರು ಸಿಗದಿರಬಹುದು. ಆಗ ತಿನಿಸನ್ನು ಮುಟ್ಟದೆ ಹೊದಿಕೆಯನ್ನು ಹಿಡಿದುಕೊಂಡೇ ತಿನ್ನುವ ಅನುಕೂಲ ಬೇಕಾಗುತ್ತದೆ.

ಜರ್ಕಿಯ ವಾಸನೆಗೆ ಪ್ರಾಣಿ ಬೆದರೀತೆಂದು ಕೆಲವರು ಚಿಂತಿಸುತ್ತಾರೆ. ಗಾಳಿ ಅದರ ಕಡೆಗೆ ಬೀಸುತ್ತಿದ್ದರೆ ಮನುಷ್ಯನ ಮೈವಾಸನೆಯೇ ಸಾಕು, ತಿನಿಸಿನದು ಅದರ ಮುಂದೆ ಲೆಕ್ಕಕ್ಕಿಲ್ಲ. ಚಿಂತಿಸಬೇಕಾದದ್ದು ಕರಡಿಗಳಿರುವ ಕಾಡಿನಲ್ಲಿ, ಅದೂ ರಾತ್ರಿ. ತಿನಿಸೆಲ್ಲವನ್ನೂ ಕರಡಿ ತೆರೆಯಲಾಗದ ಗಟ್ಟಿ ಡಬ್ಬದಲ್ಲಿ ಇಡಬೇಕು, ಇಲ್ಲವೇ ಡೇರೆಯಿಂದ ಸುಮಾರು 100 ಮೀಟರ್ ದೂರದಲ್ಲಿ, ನೆಲದಿಂದ 4 ಮೀಟರ್ ಎತ್ತರದಲ್ಲಿ, ಮರದ ಕಾಂಡಕ್ಕೆ ತಾಗದಂತೆ ಹಗ್ಗದಿಂದ ತೂಗುಹಾಕಬೇಕು. ಮಲಗುವ ಮುನ್ನ ಅಂಗಿಯ ಜೇಬುಗಳನ್ನೂ ತಡಕಬೇಕು. ಹಗಲಿನಲ್ಲಿ ಅರ್ಧ ತಿಂದಿಟ್ಟ ಬಾರು ಮರೆತುಹೋಗುವುದು ಅಲ್ಲಿಯೇ.

ರುಚಿ ನೋಡದ ತಿನಿಸನ್ನು ಕಾಡಿಗೆ ಒಯ್ಯಬಾರದು. ಮುಖ್ಯವಾಗಿ, ಸಕ್ಕರೆ ಇಲ್ಲವೆಂದು ಮಾರುವ ಕೆಲವು ಬಾರ್‌ಗಳಲ್ಲಿ ಸಕ್ಕರೆಯ ಬದಲಿಗೆ ಸಿಹಿಗಾಗಿ ಬಳಸುವ ಮಾಲ್ಟಿಟಾಲ್ ಅಥವಾ ಸಾರ್ಬಿಟಾಲ್ ಇರುತ್ತದೆ. ಹೆಚ್ಚು ತಿಂದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗಬಹುದು.

ಅತಿ ಹೆಚ್ಚು ತಿನಿಸು ಬೇಕಾಗುವುದು ಬೇಟೆ ಸಿಕ್ಕ ಮೇಲೆ, ಮೂವತ್ತು ನಲವತ್ತು ಕಿಲೋ ಮಾಂಸವನ್ನು ಬೆನ್ನಿಗೇರಿಸಿ ಒಂದಕ್ಕಿಂತ ಹೆಚ್ಚು ಸಲ ಇಳಿದು ಹತ್ತುವ ದಿನ. ಆ ದಿನ ಯಾವಾಗ ಬರುತ್ತದೆಂದು ಮೊದಲೇ ಹೇಳಲಾಗದು, ಅದು ಕೊನೆಯ ದಿನವೂ ಆಗಬಹುದು. ಆದ್ದರಿಂದ ದಿನದ ಚೀಲಗಳಿಗೆ ಸೇರಿಸದೆ, ಖರ್ಜೂರ, ಚಾಕೊಲೇಟ್ ಮತ್ತು ಉಪ್ಪು ಹಾಕಿದ ಕಡಲೆಕಾಯಿ ತುಂಬಿದ, ಒಂದು ದಿನಕ್ಕೆ ಸಾಲುವ ಇನ್ನೊಂದು ಚೀಲವನ್ನು ಕಟ್ಟಬೇಕು. ಅದಕ್ಕೆ ಬೇರೆ ಬಣ್ಣದ ದಾರ ಸುತ್ತಿ, ಸುಲಭವಾಗಿ ಕೈಗೆ ಸಿಗದಂತೆ ಬೆನ್ನುಚೀಲದ ತಳದಲ್ಲಿ ಇಡಬೇಕು.